ನೀಲಿ ಹೋಗೂತನಕ ವಾಯಿದೆ

ಹರಾಜು ಕೂಗೂ ಹೆಂಗಸು ಅಂದ್ರ ಬಾಯಿಬಡಕಿ ಇರಬೇಕು ಅಂತ ಮಂದಿ ತಿಳಕೊಂಡಾರ. ಇರ್ಲಿ, ನಾ ಬಾಯಿಬಡಕಿನ. ಅಂಗಡಿ ನಮ್ಮಪ್ಪಂದು, ಬಾಯಿ ನಮ್ಮವ್ವಂದು, ಎರಡೂ ನನಗ ಬಂದಾವ. ಅಂಬಕ್ಕ ಅಂದ್ರ ಊರಾಗ ಎಲ್ಲಾರಿಗೂ ಗೊತ್ತು. ಇಲ್ಲಿ ಮಾರಾಟ ಆದ ಚಿತ್ರದಾಗ ಮುಕ್ಕಾಲು ಪಾಲು ನನ್ನ ಗಂಟಲದಾಗ ಹಾದು ಹೋಗ್ಯಾವ. ಅದಕ್ಕ ಕಾಳವ್ವನ ಕೇಸಿನ ಸುದ್ದಿನ ಯಾರ್ಯಾರೋ ಚಹಾದ ಅಂಗಡ್ಯಾಗ ಕುಂತು ತಮಗ ತಿಳಿದಂಗ ಹೇಳೂದು ಕೇಳಿದ್ರ ನನಗ ಮೈ ಉರೀತೈತಿ. ಆ ಕೇಸಿನ್ಯಾಗ ಎರಡನೇ ಪ್ರತಿವಾದಿ ನಾನಿದ್ದೆ. ಹೇಳೂದಿದ್ರ ನಾ ಹೇಳಬೇಕು.

ನಮ್ಮೂರಾಗ ಚಿತ್ರ ಬರದವರು ಸತ್ರ ಅವರ ಚಿತ್ರದಾಗಿನ ನೀಲಿ ಹೋಗ್ತೈತಿ. ಕೆಂಪು ಇರ್ತೈತಿ, ಹಳದಿ ಇರ್ತೈತಿ, ನೀಲಿ ಇದ್ದಲ್ಲಿ ಮಾತ್ರ ಬರೇ ಬಿಳಿ. ಚಿತ್ರ ಯಾರ ಮನ್ಯಾಗರ ಇರ್ಲಿ, ಅದೇ ಹೊತ್ತಿಗೆ ಹೋಗ್ತೈತಿ. ಹಳೇ ಮನಿ ದೇವರ ಕೋಣ್ಯಾಗ ಕೃಷ್ಣ ಬೆಳ್ಳಗ ಇರ್ತಾನ. ಅಜ್ಜನ ಮನಿ ಕೃಷ್ಣ ಖರೇ ಕೃಷ್ಣನೋ ನಮ್ಮನಿ ಕೃಷ್ಣ ಖರೇ ಕೃಷ್ಣನೋ ಅಂತ ಹುಡುಗ್ರು ಜಗಳಾಡ್ತಾವ. ಸಾಲಿ ಗ್ವಾಡಿ ಮ್ಯಾಲಿನ ನಕಾಶೆ ಬರದವ ತೀರಿಕೊಂಡ ಮ್ಯಾಲೆ ಸಮುದ್ರನ ಇಲ್ಲದಂಗ ಆತು. ಅಕ್ಕೋರು ಇದ್ದಲಿ ತೊಗೊಂಡು 'ಇಲ್ಲಿ ಸಮುದ್ರ' ಅಂತ ಬರದು ಪಾಠ ಮುಂದುವರಿಸಿದ್ರು. ಜವಳಿ ಅಂಗಡಿಯವರು ಶಾಣ್ಯಾರು, ಬೋರ್ಡಿಗೆ ಕೆಂಪು ಬಿಟ್ಟು ಬ್ಯಾರೆ ಬಣ್ಣ ಹಚ್ಚಸೂದಿಲ್ಲ.

ವ್ಯಾಪಾರನೂ ಅದಕ್ಕ ಒಗ್ಗಿಕೊಂಡೈತಿ. ಬರದವರು ಬದುಕಿದ್ರ ಅದು ಹಸೀ ಚಿತ್ರ. ನೀಲಿ ಹೋದ್ರ ಪಕ್ಕಾ ಚಿತ್ರ. ಪಕ್ಕಾ ಚಿತ್ರಕ್ಕ ಬೆಲಿ ಹೆಚ್ಚು, ಯಾಕಂದ್ರ ಆ ಕೈಯಿಂದ ಇನ್ನೊಂದು ಬರೂದಿಲ್ಲ, ಮತ್ತ ಯಾರು ಬರದದ್ದು ಅನ್ನೂ ಅನುಮಾನನೂ ಉಳಿಯೂದಿಲ್ಲ. ಅದಕ್ಕ ಕೆಲವರು ಹಸೀ ಇದ್ದಾಗ ಕೊಂಡು ಕಾಯ್ತಾರ. ನಮ್ಮ ಎಣ್ಣಿ ಗಿರಣಿ ಗುರುಪಾದಪ್ಪ ಅಂಥವರ ಪೈಕಿ. ವಯಸ್ಸಾದ ಚಿತ್ರಗಾರರು ಎದುರಿಗೆ ಸಿಕ್ರ ಸಾಕು, ಕೆಮ್ಮು ಹೆಂಗೈತ್ರಿ, ರಾತ್ರಿ ನಿದ್ದಿ ಬರ್ತೈತೇನ್ರಿ ಅಂತ ಕೇಳ್ತಾನ. ಕೆಟ್ಟವ ಅಲ್ಲ, ಕೇಳಿ ಕೇಳಿ ರೂಢಿ ಆಗಿಬಿಟ್ಟೈತಿ.

ಮೋನಪ್ಪ ಬಡಿಗೇರ ಮಾಸ್ತರು ನಮ್ಮೂರಿನ ದೊಡ್ಡ ಚಿತ್ರಗಾರರು. ದೇವರು, ರಾಜರು, ಆನಿ, ಅಂಬಾರಿ, ಇವನ್ನ ಬಿಟ್ಟು ಅವರು ಬ್ಯಾರೆ ಬರದವರಲ್ಲ. ಅವರು ಹಾಸಿಗಿ ಹಿಡಿದ ವರ್ಷ ಅವರ ಮನಿಯಿಂದ ನನ್ನ ಅಂಗಡಿಗೆ ಒಂದು ಚಿತ್ರ ಬಂತು. ಕೆರಿ ದಂಡಿ ಮ್ಯಾಲೆ ಹೆಂಗಸ್ರು ಬಟ್ಟಿ ಒಗ್ಯಾಕತ್ತಾರ. ಎಲ್ಲಾರ ಬೆನ್ನು ಕಾಣ್ತೈತಿ, ಮುಖ ಒಂದೂ ಇಲ್ಲ. ಬಂಡೆಗಲ್ಲಿನ ಮ್ಯಾಲೆ ಒಂದು ನೀಲಿ ಸೀರಿ ಒಣಾಕ ಹಾಕ್ಯಾರ, ಗಾಳಿಗೆ ಅದರ ಸೆರಗು ಎದ್ದೈತಿ. ಕೆಳಗ ಮಾಸ್ತರ ರುಜು. ಚಿತ್ರ ಹೊತ್ತು ತಂದವ ಅವರ ಶಿಷ್ಯ ದಸ್ತಗೀರ. ನಾ ಪದ್ಧತಿ ಪ್ರಕಾರ 'ಮೋನಪ್ಪ ಮಾಸ್ತರ ಸ್ವಂತ ಕೈ' ಅಂತ ಮೂರು ಸಲ ಕೂಗಿದೆ. ಗುರುಪಾದಪ್ಪ ಯಾರಿಗೂ ಬಿಟ್ಟು ಕೊಡಲಿಲ್ಲ, ಏರಿಸಿ ಏರಿಸಿ ತಾನ ತೊಗೊಂಡ.

ಮಾಸ್ತರು ಒಂದು ಮುಂಜಾನೆ ಹೋದ್ರು. ಸುದ್ದಿ ಮುಟ್ಟಸಾಕ ಯಾರೂ ಓಡಾಡಬೇಕಾಗಲಿಲ್ಲ. ಕಲ್ಯಾಣ ಮಂಟಪದ ಗ್ವಾಡಿ ಮ್ಯಾಲಿನ ಆಕಾಶ ಒಮ್ಮಿಗೇ ಬೆಳ್ಳಗಾತು. ಲಗ್ನಕ್ಕ ಬಂದವರು ಅಕ್ಷತಾ ಕೈಯಾಗ ಹಿಡಕೊಂಡ 'ಅಯ್ಯ, ಮಾಸ್ತರು ಹೋದ್ರು' ಅಂದ್ರಂತ. ಗುರುಪಾದಪ್ಪ ಜಳಕ ಮಾಡಿ, ತೊಳೆದ ಧೋತ್ರ ಉಟ್ಟು, ತನ್ನ ಚಿತ್ರದ ಮುಂದ ಹೋಗಿ ನಿಂತ. ಕೆರಿ ನೀಲಿ ಇತ್ತು. ಸೀರಿ ನೀಲಿ ಇತ್ತು. ಊಟ ಬಿಟ್ಟು ಸಂಜೀತನಕ ನೋಡಿದ, ಒಂದು ಹನಿ ಹೋಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೂದು ಇದಕ್ಕ.

ಮರುವಾರ ಕೋರ್ಟಿನಿಂದ ನೋಟಿಸು ಬಂತು. ಚಿತ್ರ ಮಾಸ್ತರದ್ದಲ್ಲ, ದಸ್ತಗೀರ ತಾನ ಬರದು ಕಣ್ಣು ಮಂಜಾದ ಗುರುವಿನ ಕಡೆಯಿಂದ ರುಜು ಹಾಕಿಸ್ಯಾನ, ಅಂಬಕ್ಕ ಸುಳ್ಳು ಕೂಗಿ ಮಾರ್‍ಯಾಳ ಅಂತ ದಾವೆ. ನಾ ಸೀದಾ ಗಿರಣಿಗೆ ಹೋಗಿ ಗುರುಪಾದಪ್ಪಗ ಅವನ ಆಳುಗಳ ಎದುರಿಗೇ ಬಾಯಿಗೆ ಬಂದಂಗ ಬೈದು ಬಂದೆ. ನನಗೇನು, ಹೆಚ್ಚಂದ್ರ ದಂಡ ಕಟ್ಟಿ ಬಾಯಿ ಮುಚ್ಚಿಕೊಂಡು ಕೂಡತಿದ್ದೆ. ಹೋಗೂದಿದ್ದದ್ದು ದಸ್ತಗೀರನ ಬಾಳೇವು. ನಮ್ಮೂರಾಗ ಸುಳ್ಳು ಚಿತ್ರ ಬರದಾನ ಅಂತ ಸಾಬೀತಾದ್ರ ಅವನ ಹೆಸರು ಕಸಗೊಂಡುಬಿಡ್ತಾರ. ಜನ್ಮದಾಗ ಯಾವ ಚಿತ್ರಕ್ಕೂ ರುಜು ಹಾಕಂಗಿಲ್ಲ, ರುಜು ಇಲ್ಲದ ಚಿತ್ರ ಯಾರೂ ಮೂಸಿ ನೋಡೂದಿಲ್ಲ. ಕೇಸು ಮುಗಿಯೂತನಕನೂ ಅಷ್ಟ, ಹೆಸರು ಕೋರ್ಟಿನ ವಶ. ಅಂವ ಕುಂಚ ಎತ್ತಿಟ್ಟು ಮಂದಿ ಮನಿಗೆ ಸುಣ್ಣ ಹಚ್ಚಾಕ ಹೋಗೂದು ಶುರು ಮಾಡಿದ.

ದಸ್ತಗೀರ ಸಣ್ಣಾಂವಿದ್ದಾಗ ತಾಯಿ ಕಳಕೊಂಡು ಮಾಸ್ತರ ಮನಿಗೆ ಬಂದಾಂವ. ಮಾಸ್ತರ ಹೆಂಡತಿ ಕಾಳವ್ವ ರೊಟ್ಟಿ ಹಾಕಿ ದೊಡ್ಡಾಂವನ ಮಾಡಿದ್ಲು. ಅವಂದು ಮಾತು ಕಡಿಮಿ. ಕೋರ್ಟಿನ್ಯಾಗ 'ನಾ ಬರದಿಲ್ಲ' ಅಂದ. ಹಂಗಾದ್ರ ಆ ಮನ್ಯಾಗ ಕುಂಚ ಹಿಡಿಯೂವರು ಮತ್ತ ಯಾರದಾರ ಅಂತ ಕೇಳಿದ್ರ ನೆಲ ನೋಡಿದ. ಇಂವ ಬಾಯಿ ಬಿಡದೆ ನಿಂತದ್ದು ನೋಡಿ ಎಲ್ಲಾರೂ ಕಳ್ಳ ಇವನ ಅಂತ ತೀರ್ಮಾನ ಮಾಡಿದ್ರು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ, ಹಂಗ.

ಅವನ ಹೆಸರು ಕಸಗೋಬೇಕು ಅಂತ ಎದುರಿನ ವಕೀಲ ಎದ್ದು ನಿಂತು ಕೇಳಾಕತ್ತಿದ್ದ ದಿನ ಹಿಂದಿನ ಬೆಂಚಿನಿಂದ ಕಾಳವ್ವ ಎದ್ಲು. ಸೆರಗು ತಲಿ ಮ್ಯಾಲೆ ಎಳಕೊಂಡು, "ಅದು ನಂದ್ರಿ" ಅಂದ್ಲು. ಏನು ನಿಮ್ಮದು ಅಂತ ಜಡ್ಜ್ ಸಾಹೇಬ್ರು ಕೇಳಿದ್ರು. "ಆ ಚಿತ್ರ. ನಾ ಬರದೀನಿ" ಅಂದ್ಲು. ಕೋರ್ಟಿನ್ಯಾಗ ನಗಿ ಎದ್ದಿತು. ಆಕಿ ನಗಿ ನಿಲ್ಲೂತನಕ ತಡದು, ಸಾವಕಾಶ ಎಲ್ಲಾ ಹೇಳಿದ್ಲು. ಮಾಸ್ತರಿಗೆ ಬಣ್ಣ ಅರೆದು ಕೊಡೂದು ಮದುವಿ ಆದಾಗಿಂದ ಆಕಿ ಕೆಲಸ. ಅವರ ಕೈ ನಡುಗಾಕ ಹತ್ತಿ ಕುಂಚ ಬಿಟ್ಟ ಮ್ಯಾಲೆ ಅರೆದ ಬಣ್ಣ ಒಣಗಿ ಹೋಗೂದು ನೋಡಲಾರದೆ, ಮಧ್ಯಾಹ್ನ ಭಾಂಡೆ ತಿಕ್ಕಿ ಕುಂತಾಗ ತಾನ ಹಚ್ಚಾಕ ಶುರು ಮಾಡಿದ್ಲು. ಮುಗಿದ ಮ್ಯಾಲೆ ಗಂಡಗ ತೋರಿಸಿದ್ಲು. ಅವರು ಭಾಳ ಹೊತ್ತು ನೋಡಿದ್ರು, ಕುಂಚ ಕೊಡು ಅಂದ್ರು, ಎಡಗೈಲೆ ಬಲಗೈ ಹಿಡಕೊಂಡು ತಮ್ಮ ಹೆಸರು ಬರದ್ರು. ನಮ್ಮೂರಾಗ ಮನಿಯಿಂದ ಹೊರಗ ಹೋಗೂ ಚಿತ್ರಕ್ಕ ಮನಿ ಹಿರಿಯನ ಹೆಸರ ಹಾಕೂದು. ಅದರಾಗ ತಪ್ಪೈತಿ ಅಂತ ಅವತ್ತು ಮಾಸ್ತರಿಗೂ ಅನಸಲಿಲ್ಲ, ಆಕಿಗೂ ಅನಸಲಿಲ್ಲ.

ಒಂದು ಕುಂಚ ಕೊಡ್ರಿ, ಇಲ್ಲೇ ಬರದು ತೋರಸ್ತೀನಿ ಅಂದ್ಲು. ಕಾಯ್ದೆ ಅದಕ್ಕ ಒಪ್ಪೂದಿಲ್ಲ. ಕೈ ಇನ್ನೊಬ್ಬರದ್ದು ನೋಡಿ ಕಲೀತೈತಿ, ನೀಲಿ ಮಾತ್ರ ಸುಳ್ಳು ಹೇಳೂದಿಲ್ಲ, ಅದಕ್ಕ ಕೋರ್ಟಿಗೆ ನೀಲಿ ಒಂದ ಸಾಕ್ಷಿ. ಸಾಹೇಬ್ರು ಕನ್ನಡಕ ತೆಗೆದು ಒರೆಸಿಕೊಂಡು ಹುಕುಂ ಹೇಳಿದ್ರು: ನೀಲಿ ಹೋಗೂತನಕ ವಾಯಿದೆ. ಚಿತ್ರ ಕೋರ್ಟಿನ ಗ್ವಾಡಿಗೆ ತೂಗಾಕಬೇಕು. ಕಾಳವ್ವ ತೀರಿಕೊಂಡ ದಿನ ನೀಲಿ ಹೋದ್ರ ಚಿತ್ರ ಆಕೀದು, ದಸ್ತಗೀರಗ ಅವನ ಹೆಸರು ವಾಪಸ್. ಹೋಗದಿದ್ರ ಅಂವ ಸುಳ್ಳ. ಹಿಂಥಾ ಹುಕುಂ ನಮಗೇನು ಹೊಸದಲ್ಲ, ಆ ಗ್ವಾಡಿ ಮ್ಯಾಲೆ ಇನ್ನೂ ಎಷ್ಟೋ ಚಿತ್ರ ಯಾರ್ಯಾರದೋ ಸಾವು ಕಾಯಾಕತ್ತಾವ. ಬ್ಯಾರೆ ಕಡೆ ಕೋರ್ಟಿನ್ಯಾಗ ಗೆದ್ದವ ಸೋತ, ಸೋತವ ಸತ್ತ ಅಂತಾರ. ನಮ್ಮೂರಾಗ ಸತ್ತವನ ಗೆದ್ದ.

ಅಲ್ಲಿಂದ ಊರ ಮಂದಿ ನಾಲಿಗಿಗೆ ಒಂದು ಹೊಸಾ ಮಾತು ಹತ್ತಿತು. ಕಾಯಿಪಲ್ಯೆ ಕೊಳ್ಳಾಕ ಹೋದ್ರೂ, ಕೆರಿಗೆ ಹೋದ್ರೂ, 'ಕಾಳವ್ವಾ, ಆರಾಮ ಇದ್ದೀಯೇನವಾ?' ಅಂತ ಕೇಳೂದು. ಕೇಳೂ ಧಾಟಿನ ಬ್ಯಾರೆ. ಆಕಿ 'ಇನ್ನೂ ಅದೀನಿ' ಅಂತ ಹೇಳಿ ಮುಂದ ಹೋಗ್ತಿದ್ಲು. ದಸ್ತಗೀರನ ಹೆಂಡತಿ ಬೀಬಿಜಾನ ಒಮ್ಮೆ ನನ್ನ ಮುಂದ ಅತ್ತು ಬಿಟ್ಲು. ಆ ಮುದುಕಿ ಕಣ್ಣು ಮುಚ್ಚಿದ ದಿನ ನಮ್ಮ ಮನ್ಯಾಗ ದೀಪ ಹತ್ತತೈತಿ ಅಂಬಕ್ಕಾ, ಈ ಮನುಷ್ಯಾ ನೋಡಿದ್ರ ಸುಣ್ಣದ ಕೆಲಸ ಮುಗಿಸಿ ದಿನಾ ಹೋಗಿ ಆಕಿಗೆ ಕಷಾಯ ಕಾಸಿ ಕೊಟ್ಟು ಬರ್ತಾನ, ಸೀನು ಬಂದ್ರ ಡಾಕ್ಟರ್ ಕಡೆ ಕರಕೊಂಡು ಓಡ್ತಾನ, ಅಂದ್ಲು. ಹಂಗಂದಾಕಿನ ಕಣ್ಣು ಒರೆಸಿಕೊಂಡು ಮನಿಗೆ ಹೋಗಿ, ಕಾಳವ್ವಗಂತ ಗಂಜಿ ಮಾಡಿ ಕಳಿಸಿದ್ಲು. ಏನು ಹೇಳ್ತೀರಿ ಇಂಥ ಮಂದಿಗೆ!

ಗುರುಪಾದಪ್ಪ ಪ್ರತಿ ಸೋಮವಾರ ಕೋರ್ಟಿಗೆ ಬಂದು ಚಿತ್ರ ನೋಡಿ ಹೋಗ್ತಿದ್ದ. ಪಕ್ಕಾ ಆತೇನು ಅಂತ ನೋಡಾಕ ಬರ್ತಾನ ಅಂತ ನಾ ತಿಳಕೊಂಡಿದ್ದೆ. ಒಂದು ಸೋಮವಾರ ಹಂಗ ಚುಚ್ಚಿ ಕೇಳಿದ್ದಕ್ಕ, ನಮ್ಮವ್ವ ಹಿಂಗ ಬಂಡೆಗಲ್ಲಿನ ಮ್ಯಾಲೆ ಸೀರಿ ಹಾಕ್ತಿದ್ಲು, ಹಾರಬಾರದು ಅಂತ ಮ್ಯಾಲೆ ನನ್ನ ಕುಂದರಸ್ತಿದ್ಲು ಅಂದ. ಇಷ್ಟು ವರ್ಷ ಚಿತ್ರ ಕೊಂಡಾಂವ, ಚಿತ್ರದಾಗ ಏನೈತಿ ಅಂತ ಅಂವ ಹೇಳಿದ್ದು ನಾ ಕೇಳಿದ್ದು ಅದ ಮೊದಲು.

ಚಳಿಗಾಲ ಬಂತು. ಕಾಳವ್ವಗ ಜ್ವರ ಬಂದು ಎದಿಯಾಗ ಕಫ ಕಟ್ಟಿತು, ಉಸಿರು ಸಿಗಲಾರದಂಗ ಆತು. ಡಾಕ್ಟರು ಏನೂ ಹೇಳಾಕ ಬರೂದಿಲ್ಲ ಅಂದ್ರು. ಊರ ಮಂದಿ ಎಲ್ಲಿ ಸೇರಬೇಕು ಹೇಳ್ರಿ? ಆಕಿ ಮನಿ ಮುಂದ ಒಂದು ನರಪಿಳ್ಳೆ ಇಲ್ಲ, ಎಲ್ಲಾರೂ ಕೋರ್ಟಿನ್ಯಾಗ, ಚಿತ್ರದ ಮುಂದ. ಬುತ್ತಿ ಕಟಗೊಂಡು ಬಂದಿದ್ರು. ಸೆರಗಿನ ತುದಿ ಸ್ವಲ್ಪ ಬೆಳ್ಳಗಾದಂಗ ಕಾಣ್ತೈತಿ ಅಂತ ಒಬ್ಬ, ಅದು ಬೆಳಕು ಬಿದ್ದದ್ದು ಅಂತ ಇನ್ನೊಬ್ಬ. ಔಷಧ ತರಾಕ ಹೋದ ದಸ್ತಗೀರ ಗದ್ದಲ ಕೇಳಿ ಒಳಗ ಬಂದ. ಬಾಗಿಲದಾಗ ನಿಂತು ಅವರೆಲ್ಲಾರ ಬೆನ್ನು ನೋಡಿದ. ಆಮ್ಯಾಲೆ ಸೀದಾ ಸಾಹೇಬ್ರ ಮುಂದ ಹೋಗಿ ನಿಂತು, "ಆ ಚಿತ್ರ ನಾನ ಬರದೀನ್ರಿ. ಒಪ್ಪಿಕೋತೀನಿ. ಈ ಮಂದೀನ ಮನಿಗೆ ಕಳಸ್ರಿ" ಅಂದ.

ಸಾಹೇಬ್ರು ಎರಡೆರಡು ಸಲ ಕೇಳಿ, ಹೇಳಿಕಿ ಬರಕೊಂಡು, ಬರೂ ಸೋಮವಾರ ತೀರ್ಪು ಅಂದ್ರು. ಮಂದಿ ಬುತ್ತಿ ಗಂಟು ಎತ್ತಿಕೊಂಡು ಮನಿಗೆ ಹೋದ್ರು. ನಾ ಅವನ ರಟ್ಟಿ ಹಿಡಿದು ಹೊರಗ ಎಳಕೊಂಡು ಬಂದು, ಹುಚ್ಚು ಹಿಡಿದೈತೇನೋ ನಿನಗ ಅಂತ ಬೈದೆ. "ಅಂಬಕ್ಕಾ, ಒಬ್ಬಾಕಿ ಉಸಿರಿಗೆ ಒದ್ದಾಡಾಕತ್ತಾಳ, ಇವರು ಸೀರಿ ಬಣ್ಣ ನೋಡಾಕತ್ತಾರ" ಅಂದ. "ಹಿಂಗ ಸಿಗೂ ಹೆಸರು ನನಗ ಬ್ಯಾಡ." ನಾ ಅಲ್ಲೇ ಕಟ್ಟಿ ಮ್ಯಾಲೆ ಕುಂತು ಅತ್ತೆ. ಇಂಥ ಮನುಷ್ಯಾ ನಮ್ಮೂರಾಗ ಇದ್ದಾನಲ್ಲ ಅಂತ ಹೆಮ್ಮಿನೂ ಆತು.

ದೇವರು ದೊಡ್ಡಾಂವ, ಅದ ವಾರದಾಗ ಕಾಳವ್ವನ ಜ್ವರ ಇಳೀತು. ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಗಂಜಿ ಕುಡಿಯೂವಷ್ಟು ಚೇತರಿಸಿಕೊಂಡ್ಲು. ಆಕಿಗೆ ಯಾರೂ ಕೋರ್ಟಿನ ಸುದ್ದಿ ಹೇಳಿರಲಿಲ್ಲ. ನನ್ನ ಬಾಯಿ ಸುಮ್ಮನಿರ್ತೈತೇನು? ಆಕಿಗೆ ಸಂತೋಷ ಆಗ್ತೈತಿ ಅಂತ ತಿಳಕೊಂಡು, ಬಾಜೂಕ ಕುಂತು, ನಿನ್ನ ಸಲುವಾಗಿ ದಸ್ತಗೀರ ಹಿಂಗಿಂಗ ಮಾಡಿದ ನೋಡವಾ, ಇನ್ನ ಯಾರೂ ನಿನ್ನ ಸಾವು ಕಾಯೂದಿಲ್ಲ ಅಂತ ಹೇಳಿದೆ. ಆಕಿ ಗಂಜಿ ಬಟ್ಟಲಾ ಕೆಳಗಿಟ್ಲು.

"ಯಾರನ್ನ ಕೇಳಿ ತೊಗೊಂಡ?" ಅಂದ್ಲು.

ನನಗ ತಿಳೀಲಿಲ್ಲ. ಅಂವ ಏನೂ ತೊಗೊಂಡಿಲ್ಲವಾ, ತನ್ನ ಹೆಸರನ್ನ ಬಿಟ್ಟು ಕೊಟ್ಟಾನ ಅಂದೆ.

"ನನ್ನ ಚಿತ್ರ ತೊಗೊಂಡಾನ" ಅಂದ್ಲು. ದನಿ ಸಣ್ಣದಿತ್ತು, ಆದ್ರ ನಡುಗಲಿಲ್ಲ. "ಮೊದಲ ಗಂಡ ತೊಗೊಂಡ್ರು, ಸುಮ್ಮನಿದ್ದೆ. ಮನಿ ಮರ್ಯಾದಿ ಅಂದ್ಕೊಂಡೆ. ಈಗ ಮಗನಂಥಾಂವ ತೊಗೊಂಡ. ಎಲ್ಲಾರೂ ಪ್ರೀತಿಯಿಂದನ ತೊಗೋತಾರ ಅಂಬಕ್ಕಾ. ಕಳ್ಳ ಒಯ್ದಿದ್ರ ಬಾಯಿ ತುಂಬ ಬೈದರ ಬೈತಿದ್ದೆ."

ಆಕಿ ಹೇಳೂದು ಖರೇ ಇತ್ತು, ಮತ್ತ ನಮ್ಮ ಯಾರ ತಲಿಗೂ ಅದು ಹೊಳೆದಿರಲಿಲ್ಲ. ನಾವು ಆಕಿ ಸಾವಿನ ಬಗ್ಗೆ ಅಷ್ಟ ಮರುಗಾಕತ್ತಿದ್ವಿ. ಆಕಿಗೆ ಸಾವಿನ ಚಿಂತಿ ಇರಲೇ ಇಲ್ಲ.

ಸೋಮವಾರ ಟಾಂಗಾ ತರಸು ಅಂದ್ಲು. ಡಾಕ್ಟರು ಬ್ಯಾಡ ಅಂದ್ರು, ಬೀಬಿಜಾನ ಬಾಗಿಲಿಗೆ ಅಡ್ಡ ನಿಂತ್ಲು, ಆಕಿ ಕೇಳಲಿಲ್ಲ. ನಾ, ಬೀಬಿಜಾನ ಎರಡೂ ಕಡೆ ಹಿಡಕೊಂಡು ಕೋರ್ಟಿನ ಮೆಟ್ಟಲಾ ಹತ್ತಿಸಿದ್ವಿ. ಒಳಗ ದಸ್ತಗೀರ ಮೊದಲ ಬೆಂಚಿನ್ಯಾಗ ತಲಿ ತಗ್ಗಿಸಿ ಕುಂತಿದ್ದ. ಆಕಿ ಬಂದದ್ದು ನೋಡಿ ಎದ್ದ. ಕುಂದರು, ನಿನ್ನ ಜೋಡಿ ಮನ್ಯಾಗ ಮಾತಾಡ್ತೀನಿ ಅಂತ ಆಕಿ ಗದರಿಸಿದ್ದಕ್ಕ ಸಣ್ಣ ಹುಡುಗನಂಗ ಕುಂತುಬಿಟ್ಟ.

ತೀರ್ಪು ಓದಾಕ ಶುರು ಮಾಡೂದರಾಗ ಕಾಳವ್ವ ಕೈ ಎತ್ತಿದ್ಲು. ಇಂವ ಹೇಳಿದ್ದು ಸುಳ್ಳು ಸಾಹೇಬ್ರ, ನನ್ನ ಮ್ಯಾಲಿನ ಅಂತಃಕರಣಕ್ಕ ಹೇಳ್ಯಾನ, ನನ್ನ ಕೇಸು ಮೊದಲಿದ್ದಂಗ ಇಡ್ರಿ ಅಂದ್ಲು. ಸಾಹೇಬ್ರು ಓದೂದು ನಿಲ್ಲಿಸಿ ದಸ್ತಗೀರನ ಮುಖ ನೋಡಿದ್ರು. ಅಂವ ಅಳಾಕತ್ತಿದ್ದ, ಅದ ಅವನ ಉತ್ತರ ಆತು. ಕೋರ್ಟಿನ್ಯಾಗ ಸುಳ್ಳು ಹೇಳಿದ್ದಕ್ಕ ಅವಂಗ ನಾಲ್ಕು ಮಾತು ಬೈದು, ಆಮ್ಯಾಲೆ ಕಾಳವ್ವನ ಕಡೆ ತಿರುಗಿದ್ರು. ವಾಯಿದೆ ಇಟ್ರ ಮತ್ತ ಊರಿಗೆ ಊರ ನಿಮ್ಮ ಸಾವು ಕಾಯ್ತೈತಿ, ನಿಮಗ ಅಡ್ಡಿ ಇಲ್ಲೇನಮ್ಮಾ ಅಂತ ಮೆಲ್ಲಗ ಕೇಳಿದ್ರು.

"ಕಾಯಲಿ ಬಿಡ್ರಿ. ಸಾವು ಹೆಂಗಿದ್ರೂ ಬರೂದ. ಬರೂದು ಖಾಲಿ ಕೈಲೆ ಬರಬಾರದು" ಅಂದ್ಲು ಕಾಳವ್ವ. "ನಾ ಹೋದ ದಿನ ಇದರ ಮುಂದ ನಿಂತು, ಇದು ಕಾಳವ್ವ ಬರದದ್ದು ಅಂತಾರಲ್ರಿ. ಅದು ನನಗ ಬೇಕು. ಅದನ್ನ ಯಾರೂ ನನ್ನ ಸಲುವಾಗಿ ಅಂತ ಹೇಳಿ ಕಸಗೋಬಾರದು."

ಒಬ್ಬರೂ ನಗಲಿಲ್ಲ. ಆಕಿ ಇನ್ನೊಂದು ಮಾತು ಕೇಳಿದ್ಲು. ಮಂದೀನ ಜಾಮೀನಿನ ಮ್ಯಾಲೆ ಬಿಡ್ತೀರಿ, ಇವನ ಹೆಸರನ್ನೂ ನನ್ನ ಜಾಮೀನಿನ ಮ್ಯಾಲೆ ಬಿಡ್ರಿ, ನಾ ಹೋಗೂತನಕ ಇಂವ ಸುಣ್ಣ ಯಾಕ ಬಳೀಬೇಕು ಅಂದ್ಲು. ಹಿಂಥಾ ಜಾಮೀನು ಇದುವರೆಗೂ ಯಾರೂ ಕೇಳಿದ್ದಿಲ್ಲ. ಸಾಹೇಬ್ರು ಗುರುಪಾದಪ್ಪನ ಕಡೆ ನೋಡಿದ್ರು, ವಾದಿ ಒಪ್ಪಬೇಕಲ್ಲ. ಅವನ ವಕೀಲ ಏನೋ ಹೇಳಾಕ ಎದ್ದ, ಗುರುಪಾದಪ್ಪ ಅವನ ಕೋಟು ಜಗ್ಗಿ ಕುಂದರಿಸಿ ತಾ ಎದ್ದ. ನನ್ನ ತಕರಾರೇನಿಲ್ರಿ, ಹುಡುಗನ ಹೆಸರು ಕೊಟ್ಟುಬಿಡ್ರಿ ಅಂದ. ಅಷ್ಟು ಹೇಳಿ ಕೂಡಲಿಲ್ಲ. ಕೈಯಾಗಿನ ಟೊಪಗಿ ತಿರುವಿಕೋತ ನಿಂತಿದ್ದ.

"ಯವ್ವಾ," ಅಂದ ಕಾಳವ್ವಗ, "ನನ್ನ ಕೇಸಿಗೇನೂ ಅವಸರಿಲ್ಲ. ನೀ ಸಾವಕಾಶ ಹೋಗು."

"ನಿನ್ನ ಕೇಳಿ ಹೋಗ್ತೀನೇನೋ?" ಅಂದ್ಲು ಆಕಿ. ಆವಾಗ ಕೋರ್ಟಿಗೆ ಕೋರ್ಟ ನಕ್ಕಿತು, ಸಾಹೇಬ್ರೂ ಕಾಗದದ ಹಿಂದ ಮುಖ ಮರೆ ಮಾಡಿಕೊಂಡ್ರು.

ದಸ್ತಗೀರ ಈಗ ಮತ್ತ ಕುಂಚ ಹಿಡಿದಾನ, ತನ್ನ ಚಿತ್ರಕ್ಕ ತನ್ನ ರುಜು ಹಾಕ್ತಾನ. ಕಾಳವ್ವ ಕೋಲು ಊರಿಕೋತ ಮನಿ ಮನಿಗೆ ಹೋಗಿ, ನಿಮ್ಮ ಗ್ವಾಡಿ ಕೊಡ್ರಿ, ಏನರ ಬರದು ಕೊಡ್ತೀನಿ ಅಂತ ಕೇಳಾಕ ಶುರು ಮಾಡ್ಯಾಳ. ಬ್ಯಾಡ ಅಂದವರಿಲ್ಲ. ಕಲ್ಯಾಣ ಮಂಟಪಕ್ಕ ಹೊಸಾ ಆಕಾಶ, ಹಿಟ್ಟಿನ ಗಿರಣಿಗೆ ನವಿಲು, ಜವಳಿ ಅಂಗಡಿ ಪಡಸಾಲಿಗೆ ಒಂದು ಇಡೀ ಸಾಲು ಸೀರಿ. ಎಲ್ಲಿ ನೋಡಿದ್ರೂ ನೀಲಿ. ಕೆಳಗ ದೊಡ್ಡ ಅಕ್ಷರದಾಗ ತನ್ನ ಹೆಸರು. ಇಷ್ಟು ನೀಲಿ ಯಾಕವಾ, ಬ್ಯಾರೆ ಬಣ್ಣ ಇಲ್ಲೇನು ಅಂತ ಕೇಳಿದೆ. ಕುಂಚ ಎತ್ತದನ, "ನಾ ಹೋದ ದಿನ ಊರಿಗೆಲ್ಲ ಗೊತ್ತಾಗಬೇಕು" ಅಂದ್ಲು. ನನ್ನ ಅಂಗಡಿ ಒಳಗಿನ ಗ್ವಾಡಿಗೆ ಕೆರಿ ಬರದು ಕೊಟ್ಟಾಳ, ನಡುಮಧ್ಯೆ ಬಾಯಿ ತೆರೆದು ಕೂಗೂ ಹೆಂಗಸೊಬ್ಬಾಕಿ. ಮುಂಜಾನೆ ಬಾಗಿಲಾ ತೆಗೆದ ಕೂಡಲೇ ಹೋಗಿ ನೋಡ್ತೀನಿ. ಇವತ್ತೂ ನೋಡಿ ಬಂದ ಕುಂತೀನಿ, ನೀರು ನೀಲಿನ ಐತಿ.